ಟಾಮ್‌ನ ಕರುಗಳು, ನಮ್ಮ ಕರಿಬೇವು

ದನದ ಮೇವಿನ ಸಂಶೋಧನೆಯಲ್ಲಿ ನನ್ನನ್ನು ಮೀರಿಸುವವರು ಕ್ಯಾಲಿಫೋರ್ನಿಯಾದಲ್ಲೇ ಇಲ್ಲ. ಬೇಕಾದರೆ ನನ್ನನ್ನೇ ಕೇಳಿ. ವಾಲ್ನಟ್ ಕ್ರೀಕ್ ಊರಿನಾಚೆಯ ಗುಡ್ಡದಲ್ಲಿ ಮಾಂಸಕ್ಕಾಗಿ ದನ ಸಾಕುವ ಟಾಮ್, ಹುಟ್ಟಿದ ಕರುಗಳು ಏಳಲಾರದೆ ಸಾಯುತ್ತಿವೆ, ಇನ್ನು ಎಲ್ಲ ಮಾರಿಬಿಡುತ್ತೇನೆ ಎಂದು ನಮ್ಮ ಲ್ಯಾಬಿಗೆ ಬಂದಿದ್ದ. ಹುಲ್ಲನ್ನೂ ರಕ್ತವನ್ನೂ ಪರೀಕ್ಷಿಸಿದರೆ ಸೆಲೆನಿಯಂ ಎಂಬ ಖನಿಜ ಕಮ್ಮಿ. ಅದನ್ನು ಬೆರೆಸಿದ ಉಪ್ಪನ್ನು ಹಸುಗಳಿಗೆ ಕೊಡಿಸಿದೆ. ಮುಂದಿನ ಸಲದ ಕರುಗಳು ಜಿಗಿದಾಡಿದವು.

ಟಾಮ್ ಖುಷಿಯಲ್ಲಿ ಒಂದು ಪೆಟ್ಟಿಗೆ ಬೀಫು ಹೊತ್ತು ಮನೆಗೇ ಬಂದ. ಬಾಗಿಲು ತೆಗೆದ ಹೆಂಡತಿ, "ರೀ, ಬೇಗ ಬನ್ರೀ ಇಲ್ಲಿ!" ಎಂದು ಕೂಗಿದಳು.

"ನಾವು ತಿನ್ನಲ್ಲ ಟಾಮ್," ಅಂದೆ.

"ಮತ್ತೆ ಇಷ್ಟು ವರ್ಷ ದನಗಳ ಜೊತೆ ಏನು ಮಾಡ್ತಿದ್ದೆ?"

"ತಿನ್ನಿಸ್ತಿದ್ದೆ."

ಮರುವಾರ ಅವನು ಒಂದು ಟ್ರಕ್ಕು ಸಗಣಿ ಗೊಬ್ಬರ ತಂದು ಹಿತ್ತಲಲ್ಲಿ ಸುರಿದ. ಒಗ್ಗರಣೆ ಹಾಕುವಾಗಲೆಲ್ಲ ಪುಣ್ಯಾತ್ಮನನ್ನು ನೆನೆಯುತ್ತೇವೆ. ನಮ್ಮ ಕರಿಬೇವಿನ ಗಿಡ ಈಗ ದೂರದ ಓಕ್ಲ್ಯಾಂಡ್ ಪಟ್ಟಣದಿಂದಲೂ ಕಾಣುತ್ತದೆ, ಮಂಜಿಲ್ಲದ ದಿನ.