ಬೈದು ಬಂದು ಉಣ್ಣುವಷ್ಟು ದೂರ

ಅಗರದ ಪುಟ್ಟಬಸಮ್ಮನ ಬಾಯಿಗೆ ಹೆದರಿ ಅವಳ ಹಿತ್ತಲಲ್ಲಿ ಕಾಗೆ ಕೂಡ ಒಂದೇ ಸಲ ಕೂಗಿ ಸುಮ್ಮನಾಗುತ್ತಿತ್ತಂತೆ. ಸ್ವರಾಜ್ಯ ಬಂದ ಮರುವರ್ಷ ಯಳಂದೂರಿನಲ್ಲಿ ಊರ ಸಾಮಾನಿನ ಅಂಗಡಿ ತೆರೆದ ರುದ್ರಸ್ವಾಮಿಗೆ ಆ ಬಾಯೇ ಬೇಕಾಯಿತು. ಊರಿನದು, ನ್ಯಾಯದ್ದು ಎಂದು ಸಾಮಾನಿಗೆ ಮುದ್ರೆ ಒತ್ತಬೇಕು, ಅಳತೆ ಏನು?

"ಬೆಳಿಗ್ಗೆ ಒಂಟು, ಮಾಡ್ದೋನ ಮನೆ ಮುಂದೆ ನಿಂತು ಬೈದು, ಹೊತ್ತು ಮುಳ್ಗೋದ್ರೊಳ್ಗೆ ಬಂದು ಉಣ್ಣಂಗಿದ್ರೆ ಅದು ನಮ್ಮೂರ್ದು ಕನಪ್ಪಾ" ಎಂದಳು ಪುಟ್ಟಬಸಮ್ಮ.

ಹೀಗೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕೊಳ್ಳೇಗಾಲದ ಸೀರೆ ನಮ್ಮದಾಯಿತು, ನಮ್ಮದೇ ಸಂಸ್ಥಾನದ ಮೈಸೂರಿನ ಬಾಚಣಿಗೆ ಪರದೇಶದ್ದಾಯಿತು.

ಹೋಗಿ ಬೈಯುವ ಕೆಲಸವೂ ಅವಳದೇ. ಬೈದು ಮುಗಿಸಿ ಕೊನೆಗೊಂದು ಮಾತು ಕೇಳುತ್ತಿದ್ದಳು: "ಕೈ ಸವೆಸ್ದೋರ್ಗೆ ಏನ್ ಕೊಟ್ಟೆ?" ತಡವರಿಸದೆ ಹೇಳಿದವರಿಗೆ ಮುದ್ರೆ. ಹೊನ್ನೂರಿನ ಚಾಪೆ ಬಿಳಿಗಿರಿ ತಡವರಿಸಿ, ಮೂರು ತಿಂಗಳು ಮುದ್ರೆಯಿಲ್ಲದೆ ಒದ್ದಾಡಿದ.

ಒಂದು ದಿನ ಪುಟ್ಟಬಸಮ್ಮನೇ ಅಂಗಡಿಗೆಂದು ನಾಲ್ಕು ಕುಕ್ಕೆ ಹಪ್ಪಳ ಮಾಡಿಟ್ಟಳು. ರುದ್ರಸ್ವಾಮಿ ತಲೆ ಕೆರೆದುಕೊಂಡ. "ಅವ್ವಾ, ಬೈಸ್ಕೊಳ್ದೆ ಮುದ್ರೆ ಒತ್ತುದ್ರೆ ಆ ಬಿಳಿಗಿರಿ ಊರ್ತುಂಬ ನಗ್ತಾನೆ. ನಿಮ್ಮುನ್ನ ಬೈಯೋರ್ಯಾರು?"

ಯಾರೂ ಇರಲಿಲ್ಲ. ಬೈಯಲೆಂದೇ ಬಂದ ಬಿಳಿಗಿರಿ ಬಾಗಿಲಲ್ಲಿ ಅವಳ ಮುಖ ನೋಡಿ, ಮಜ್ಜಿಗೆ ಕೇಳಿ ಕುಡಿದು ಹೋದ. ಮುದ್ರೆಯ ಮಾನ ಹೋಗುವ ಹೊತ್ತು.

ಪುಟ್ಟಬಸಮ್ಮ ಸೆರಗು ಬಿಗಿದು ಹೊರಗೆ ನಿಂತಳು. "ಲೇ ಪುಟ್ಬಸಿ, ಇದೇನು ಅಪ್ಪಳ್ವೋ ಎಮ್ಮೆ ಕಿವಿಯೋ?" ಹೊಸಿಲು ದಾಟಿ ಒಳಗೆ ಹೋಗಿ ಉತ್ತರ ಕೊಟ್ಟಳು: "ನಿನ್ ಅಲ್ಲು ಬಿದ್ದೋಗಿದ್ರೆ ನಾನೇನ್ ಮಾಡ್ಲೇ?" ಹೊರಗೆ ಬಂದಳು, ಒಳಗೆ ಹೋದಳು. ಊರು ಜಗಲಿ ತುಂಬಿತು. ಇಬ್ಬರೂ ಸೋಲಲಿಲ್ಲ.

ಕೊನೆಗೆ ಹೊರಗಿನವಳು ಕೇಳಿದಳು: "ಕೈ ಸವೆಸ್ದೋಳ್ಗೆ ಏನ್ ಕೊಟ್ಟೆ?"

ಒಳಗೆ ಹೋದ ಪುಟ್ಟಬಸಮ್ಮನ ಬಾಯಿ ಕಟ್ಟಿತು. ಲಟ್ಟಣಿಗೆ ಹಿಡಿದು ಅಷ್ಟೂ ಹಪ್ಪಳ ಒತ್ತಿದ್ದ ಸೊಸೆ ವೀರಮ್ಮ ಒಲೆ ಮುಂದೆ ಕೂತಿದ್ದಳು. "ಏನೂ ಇಲ್ಲ ಕನತ್ತೆ" ಎಂದಳು, ತಲೆ ಎತ್ತದೆ.

ಪುಟ್ಟಬಸಮ್ಮ ಹೊರಗೆ ಬಂದು ಜಗಲಿ ಮೇಲೆ ಕೂತಳು. ಮುದ್ರೆ ಇಲ್ಲ ಎಂದು ಕೈ ಆಡಿಸಿದಳು. ಹೊತ್ತು ಮುಳುಗಿತು.

"ಉಣ್ಣಾಕೆ ಬನ್ನಿ ಅತ್ತೆ."

"ಬರಕಿಲ್ಲ ಓಗು. ಒಳಗವ್ಳಲ್ಲಾ ಪುಟ್ಬಸಿ, ಆ ಕಳ್ಳಿ ಮೊದ್ಲು ನಿಂಗೆ ಪಾಲು ಕೊಡ್ಲಿ."

ವೀರಮ್ಮ ಒಳಗೆ ಹೋಗಿ, ಎರಡು ಕುಕ್ಕೆ ಎತ್ತಿ ತನ್ನ ಕೋಣೆಯಲ್ಲಿಟ್ಟು ಬಂದಳು.

"ಕೊಟ್ಲು ಕನತ್ತೆ. ಈಗ ಬನ್ನಿ."

"ಕೊಸ್ರಾಡ್ದೆ ಕೊಟ್ಲಾ?"

"ಒಂದ್ ಮಾತೂ ಆಡ್ಲಿಲ್ಲ."

ಪುಟ್ಟಬಸಮ್ಮನಿಗೆ ಆಶ್ಚರ್ಯವಾಯಿತು. ಎದ್ದು ಉಣ್ಣಲು ಹೋದಳು.