ಹಿತ್ತಾಳೆ ಬಿಲ್ಲೆಯೂ ನನ್ನ ನಕ್ಷೆಯೂ

ಮೊನ್ನೆ ಹೈದರಾಬಾದ್ ಹೊರವಲಯದ ಪಟಾನ್‌ಚೆರು ದಾಟುವಾಗ ಬಸ್ಸಿನ ಕಿಟಕಿಯಿಂದ ಅಮೋನಿಯಾ ವಾಸನೆ ಮೂಗಿಗೆ ಅಡರಿತು. ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಖುಷಿಯಿಂದ ಉಸಿರೆಳೆದುಕೊಂಡೆ. ನಲವತ್ತು ವರ್ಷದ ಹಿಂದೆ ನಮ್ಮ ಕಾರ್ಖಾನೆಯಲ್ಲಿ ಅಮೋನಿಯಾ ಹಾಯಿಸಿ ಯಂತ್ರಗಳ ನಕ್ಷೆಗಳ ಪ್ರತಿ ತೆಗೆಯುತ್ತಿದ್ದ ಕೋಣೆಗೆ ಇದೇ ವಾಸನೆ. ಅದರ ಪಕ್ಕದಲ್ಲೇ ನಮ್ಮ ಕಂಪ್ಯೂಟರ್ ವಿಭಾಗ... ಮತ್ತು ಬೀದರ್ ಕಡೆಯ ಹಿರಿಯ ಇಂಜಿನಿಯರ್ ಸಾಹೇಬರೊಬ್ಬರ ಮೇಜು.

ಯಾವ ಉಪಕರಣ ಯಾರ ಕೈಯಲ್ಲಿದೆ ಎಂಬುದನ್ನು ಕಂಪ್ಯೂಟರಿಗೆ ತರುವ ಕೆಲಸ ನನ್ನದು. ಪ್ರೋಗ್ರಾಮ್ ಬರೆಯುವ ಮೊದಲು ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಕ್ಷೆ ಬರೆಯುವ ಪದ್ಧತಿ ಆಗಷ್ಟೇ ಬಂದಿತ್ತು. ನನಗೆ ಅದರ ಹುಚ್ಚು. ಆರು ತಿಂಗಳು ಕೂತು ಬರೆದೆ. ಸಾಹೇಬರ ಸಹಿ ಬೀಳದಿದ್ದರೆ ಅಷ್ಟೂ ಕಸದ ಬುಟ್ಟಿಗೆ.

ಅವರು ಬಹಳ ಹೊತ್ತು ನೋಡಿದರು. "ಮನಸ್ಸು ಒಪ್ಪವಲ್ದು ತಂಗಿ."

"ಎಲ್ಲಿ ತಪ್ಪೈತ್ರಿ ಸರ್?"

"ಅದೇ ಗೊತ್ತಾಗವಲ್ದು."

ನನಗೆ ಮೈಯೆಲ್ಲ ಉರಿಯಿತು. ಹೊಸದನ್ನು ಬೇಡವೆನ್ನಲು ಹಿರಿಯರಿಗೆ ಇಷ್ಟು ನೆಪ ಸಾಕು ಅಂದುಕೊಂಡೆ. ಆದರೆ ಅವರು ನಕ್ಷೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, "ನಡಿ, ನೋಡಿ ಬರೂಣು" ಎಂದು ಯಂತ್ರಗಳಿದ್ದ ಶೆಡ್ಡಿಗೆ ಕರೆದೊಯ್ದರು.

ಮಧ್ಯಾಹ್ನದ ಪಾಳಿ ಬದಲಾಗುತ್ತಿತ್ತು. ಕಾರ್ಮಿಕ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಉಗ್ರಾಣದಲ್ಲಿಟ್ಟು ಉಪಕರಣ ಒಯ್ಯಬೇಕು, ಮರಳಿಸಿ ಬಿಲ್ಲೆ ಪಡೆಯಬೇಕು. ನನ್ನ ನಕ್ಷೆಯಲ್ಲಿದ್ದದ್ದು ಅಷ್ಟೇ. ಅಲ್ಲಿ ನೋಡಿದರೆ, ಮನೆಗೆ ಹೊರಟವನು ದಪ್ಪ ಅಳೆಯುವ ಮೈಕ್ರೋಮೀಟರನ್ನು ಮುಂದಿನ ಪಾಳಿಯವನಿಗೆ ಯಂತ್ರದ ಬಳಿಯೇ ಕೊಟ್ಟು, ಅವನ ಬಿಲ್ಲೆ ಇಸಿದುಕೊಂಡು ಜೇಬಿಗಿಳಿಸಿದ. ಉಗ್ರಾಣದ ಮೊಳೆಯಲ್ಲಿ ಮೊದಲಿನವನ ಬಿಲ್ಲೆಯೇ ನೇತಾಡುತ್ತಿತ್ತು. ಮನೆಯಲ್ಲಿ ಉಣ್ಣುತ್ತ ಕೂತವನ ಕೈಯಲ್ಲಿ ಮೈಕ್ರೋಮೀಟರ್ ಇದೆ ಎಂದು ನಾಳೆ ನನ್ನ ಕಂಪ್ಯೂಟರ್ ಹೇಳಲಿತ್ತು!

ನಗು ತಡೆಯಲಾಗಲಿಲ್ಲ. ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ನಕ್ಷೆ ಹರವಿ, ಕೈಯಿಂದ ಕೈಗೆ ಹೋಗುವ ಬಾಣ ಎಳೆದೆ. ಸಾಹೇಬರ ಮುಖ ಅರಳಿತು.

"ಇಷ್ಟ್ ವರ್ಷ ಹೊಟ್ಟ್ಯಾಗ ಇತ್ತು, ಹೇಳಾಕ ಬರ್ತಿರಲಿಲ್ಲ. ಈ ಬಾಣದಾಗ ಕಾಣಸ್ತು. ನಿನ್ನ ನಕ್ಷೆ ಭಾಳ ಚಲೋ ಐತಿ," ಎಂದು ನಿಂತಲ್ಲೇ ಸಹಿ ಹಾಕಿದರು. ನನಗೆ ಕುಣಿಯಬೇಕೆನಿಸಿತು. ಮರುದಿನದಿಂದ ಬೇರೆ ವಿಭಾಗದ ಇಂಜಿನಿಯರುಗಳನ್ನು ನಕ್ಷೆ ನೋಡಿರೆಂದು ಅವರೇ ನನ್ನ ಮೇಜಿಗೆ ಎಳೆದುತರತೊಡಗಿದರು.

ಸಾಹೇಬರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಒಂದು ವರ್ಷ ತಡವಾಗಿ, ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರಿಂದ. ಈಗ ನಾನು ಮಣಿಕೊಂಡದ ಸಾಫ್ಟ್‌ವೇರ್ ಕಚೇರಿಯೊಂದಕ್ಕೆ ಸಲಹೆ ಕೊಡಲು ಹೋಗುತ್ತೇನೆ. ಹುಡುಗಿಯರು ಹೊಸ ಹೊಸ ಪದ್ಧತಿ ತಂದು ಮುಂದಿಡುತ್ತಾರೆ. ಕೆಲವು ಸಲ ಮನಸ್ಸು ಒಪ್ಪುವುದಿಲ್ಲ, ಯಾಕೆಂದು ಹೇಳಲೂ ಬರುವುದಿಲ್ಲ... ಇದು ಅನುಭವವೋ, ಬರೀ ವಯಸ್ಸೋ? ಕೇಳೋಣವೆಂದರೆ ಸಾಹೇಬರಿಲ್ಲ.