ವಿಲ್ಫ್‌ನ ಮುಂಬಾಗಿಲು ತಟ್ಟಿದ ಹಿಲ್ಡಾ

ಯಾರ್ಕ್‌ಶೈರಿನ ನಮ್ಮ ಕಣಿವೆಯಲ್ಲಿ ಹಿಲ್ಡಾ ಕ್ಯಾಪ್‌ಸ್ಟಿಕ್‌ಳನ್ನು ಮಾತಿನಲ್ಲಿ ಸೋಲಿಸಿದವರು ಇನ್ನೂ ಹುಟ್ಟಿಲ್ಲ. ಗಂಡ ಏಮಸ್‌ಗೆ ಮಾತ್ರ ಹುಟ್ಟಿನಿಂದ ಕಿವಿ ಕೇಳಿಸದು. ಅವನ ಮಾತೆಲ್ಲ ಕೈಸನ್ನೆಯಲ್ಲೇ.

ಏಮಸ್‌ನ ಜೀವದ ಗೆಳೆಯ ಡೆಸ್ಮಂಡ್. ಕಿವುಡರ ಶಾಲೆಯಲ್ಲಿ ಜೊತೆಗೆ ಬೆಳೆದವನು, ಈಗ ಗ್ಲಾಸ್ಗೋದಲ್ಲಿ ಹಾಸಿಗೆ ಹಿಡಿದಿದ್ದ. ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡೋಣವೆಂದರೆ ನಮ್ಮ ಹಳೇ ಫೋನ್ ತಂತಿಗೆ ಆ ತ್ರಾಣವೆಲ್ಲಿ? ಡೆಸ್ಮಂಡ್ ಎತ್ತಿದ ಕೈ ಎತ್ತಿದಲ್ಲೇ ನಿಂತುಬಿಡುತ್ತಿತ್ತು, ಅರ್ಧ ಮಾತಿಗೇ ಪರದೆ ಕಪ್ಪಾಗುತ್ತಿತ್ತು. ಏಮಸ್ ಎದ್ದು ಹೋಗಿ ಕುರಿಗಳ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದ.

ದೊಡ್ಡ ಇಂಟರ್ನೆಟ್ ಕಂಪನಿಗಳು ಇತ್ತ ತಲೆ ಹಾಕದಿದ್ದಾಗ ಊರವರೇ ಗುದ್ದಲಿ ಹಿಡಿದರು. ಹೊಲಗಳಲ್ಲಿ ಅಗೆದು ಹೊಸ ಕೇಬಲ್ ಹೂಳುವುದು. ಅದಕ್ಕೆ ಆಯಾ ಹೊಲದ ಒಡೆಯನ ಒಪ್ಪಿಗೆ ಬೇಕು. ಒಪ್ಪಿಸುವ ಕೆಲಸ ಹಿಲ್ಡಾಳದು, ಇನ್ಯಾರದು! ಮನೆಮನೆಯ ಅಡುಗೆಕೋಣೆಗೆ ನುಗ್ಗಿ, ಚಹಾ ಕುಡಿದು, ಸಹಿ ಹಾಕಿಸಿಕೊಂಡು ಬಂದಳು. ವಿಲ್ಫ್ ಫಾಸೆಟ್ ಒಬ್ಬನನ್ನು ಬಿಟ್ಟು. ಅವನು ಸದಾ ಮುಖ ಗಂಟಿಕ್ಕಿಕೊಂಡಿರುವ ಆಸಾಮಿ, ಖಂಡಿತ ಕೊಡುವುದಿಲ್ಲ ಎಂದು ಊರೇ ತೀರ್ಮಾನಿಸಿಬಿಟ್ಟಿತ್ತು. ಅವನ ಹುಲ್ಲುಗಾವಲನ್ನು ಬಳಸಿ ಹೋಗೋಣವೆಂದರೆ ಬರೀ ಬಂಡೆ. ಅಗೆತ ಅವನ ಕಲ್ಲುಗೋಡೆಯ ಬುಡದಲ್ಲಿ ನಿಂತಿತು. ಗೋಡೆಯಾಚೆ ಉಳಿದದ್ದು ಹಿಲ್ಡಾಳ ಮನೆ.

"ನಾನೇ ಹೋಗ್ತೀನಿ. ನುಂಗಿಬಿಡ್ತಾನಾ?" ಎಂದು ಹಿಲ್ಡಾ ಹೊರಟಳು. ವಿಲ್ಫ್‌ನಂಥವನಿಗೆ ಮರ್ಯಾದೆ ಕೊಟ್ಟೇ ಕೇಳಬೇಕೆಂದು ಒಳ್ಳೆಯ ಕಪ್ಪು ಕೋಟು ತೊಟ್ಟು, ಮುಂಬಾಗಿಲನ್ನೇ ತಟ್ಟಿದಳು. ಅಲ್ಲೇ ಆದದ್ದು ಎಡವಟ್ಟು. ನಮ್ಮ ಕಡೆ ಹಳ್ಳಿಮನೆಯ ಮುಂಬಾಗಿಲು ತೆರೆಯುವುದು ಮದುವಣಗಿತ್ತಿಗೆ, ಇಲ್ಲವೇ ಹೆಣಕ್ಕೆ. ಉಳಿದವರೆಲ್ಲ ಹಿತ್ತಿಲ ಬಾಗಿಲಿನಿಂದಲೇ. ಮೇಲೆ ಕಪ್ಪು ಕೋಟು ಬೇರೆ, ಸಾವಿಗೆ ತೊಡುವಂಥದ್ದು.

ಒಳಗೆ ಕುರ್ಚಿ ಉರುಳಿದ ಸದ್ದಾಯಿತು. ಬಿಗಿದುಹೋಗಿದ್ದ ಬಾಗಿಲನ್ನು ವಿಲ್ಫ್ ಒದ್ದಾಡಿ ಎಳೆದು ತೆಗೆದ. ಟೋಪಿಯನ್ನು ಎದೆಗೆ ಒತ್ತಿಕೊಂಡಿದ್ದ.

"ಏಮಸ್ ಹೋಗ್ಬಿಟ್ನಾ?"

"ಬಿಡ್ತು ಅನ್ನೋ! ಮನೇಲಿ ಕೂತು ಗಡದ್ದಾಗಿ ತಿಂತಿದಾನೆ. ನಾನು ಕೇಬಲ್ ವಿಷಯ ಕೇಳೋಕೆ ಬಂದೆ."

"ಥೂ ನಿನ್ನ! ಜೀವ ಬಾಯಿಗೆ ಬಂದಿತ್ತಲ್ಲೇ!"

ವಿಲ್ಫ್ ಹೊಸ್ತಿಲ ಮೇಲೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ಮುಗಿದ ಮೇಲೆ ನೆಲ ನೋಡುತ್ತ ಹೇಳಿದ:

"ಊರೋರನ್ನೆಲ್ಲ ನೀನು ಕೇಳ್ದೆ. ನನ್ನೊಬ್ಬನ್ನೇ ಬಿಟ್ಟೆ. ನಾನೇನು ಈ ಊರೋನಲ್ವಾ?"

"ತಪ್ಪಾಯ್ತು ಕಣೋ ವಿಲ್ಫ್. ಕೊಡಲ್ಲ ಅಂದ್ಕೊಂಡ್ವಿ."

"ಕೇಳ್ದೇನೇ? ತಾ ಇಲ್ಲಿ ಆ ಕಾಗದ."

ಸಹಿಯಷ್ಟೇ ಅಲ್ಲ, ಮರುದಿನ ತನ್ನ ಟ್ರ್ಯಾಕ್ಟರ್ ತಂದು ತಾನೇ ಅಗೆದ, ಪುಣ್ಯಾತ್ಮ.

ಕೇಬಲ್ ಮನೆ ಸೇರಿದ ದಿನ ಪರದೆಯ ಮೇಲೆ ಡೆಸ್ಮಂಡ್ ಕೈ ಎತ್ತಿದ. ಕೈ ಎಲ್ಲೂ ನಿಲ್ಲಲಿಲ್ಲ. ಬೆರಳುಗಳೆಲ್ಲ ಸ್ಪಷ್ಟ. ಏಮಸ್‌ನ ಕೈಗಳೂ ಎದ್ದವು, ಇಬ್ಬರೂ ಒಬ್ಬರ ಮಾತಿಗೊಬ್ಬರು ಅಡ್ಡ ಬಾಯಿ ಹಾಕುವವರಂತೆ ಕೈ ಬೀಸಿ ಬೀಸಿ ಮಾತಾಡಿದರು.

"ಏನಂತೆ?" ಎಂದ ಹಿಂದೆ ನಿಂತಿದ್ದ ವಿಲ್ಫ್.

"ಶಾಲೇಲಿದ್ದ ಹುಡುಗೀರ ಸುದ್ದಿ! ಹಾಸಿಗೆ ಹಿಡಿದ್ರೂ ಡೆಸ್ಮಂಡ್‌ಗೆ ಪೋಲಿ ಬುದ್ಧಿ ಹೋಗಿಲ್ಲ ನೋಡು," ಎಂದು ಹಿಲ್ಡಾ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಏಮಸ್ ಹಿಂತಿರುಗಿ ನೋಡಿ ಕೈಸನ್ನೆ ಮಾಡಿದ: ನೀವಿಬ್ಬರೂ ಆಚೆ ಹೋಗಿ, ನಮ್ಮ ಮಾತು ಇನ್ನೂ ಮುಗಿದಿಲ್ಲ.

ಸ್ವಂತ ಮನೆಯಿಂದ ಆಚೆ ಅಟ್ಟಿಸಿಕೊಂಡು ಹಿಲ್ಡಾ ಅಷ್ಟೊಂದು ಖುಷಿಪಟ್ಟದ್ದನ್ನು ನಾವ್ಯಾರೂ ಕಂಡಿರಲಿಲ್ಲ.